ಕೆರೆ ಮೊದಲು, ಊರು ಆಮೇಲೆ: ಊರು ಕಟ್ಟುವ ಆಟದಿಂದ ಪಾಠ ಮಾಡುವ ಬಗೆ

ನಮ್ಮದು ಗದಗ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಏಳನೇ ತರಗತಿಯಲ್ಲಿ 28 ಮಕ್ಕಳು. ಲ್ಯಾಬಿನಲ್ಲಿ ಚಾಲೂ ಇರುವ ಕಂಪ್ಯೂಟರ್ ಆರು. ಶನಿವಾರ ಬೆಳಗಿನ ಶಾಲೆಯ ಕೊನೆಯ ಎರಡು ಪಿರಿಯಡ್‌ನಲ್ಲಿ ಈ ಮಕ್ಕಳು ಆ ಕಂಪ್ಯೂಟರ್‌ಗಳಲ್ಲಿ ಒಂದು ಊರು ಕಟ್ಟುತ್ತಾರೆ. ಕೆರೆ ತೋಡುತ್ತಾರೆ, ಹೊಲ ಮಾಡುತ್ತಾರೆ, ಮನೆ ಕಟ್ಟುತ್ತಾರೆ, ಕಾಳು ಕೂಡಿಡುತ್ತಾರೆ, ಜಗಳ ಆಡುತ್ತಾರೆ, ಪಂಚಾಯ್ತಿ ಮಾಡುತ್ತಾರೆ. ಎರಡು ವರ್ಷದಿಂದ ಇದನ್ನು ಮಾಡುತ್ತಿದ್ದೇನೆ. ಬೇರೆ ಶಾಲೆಯ ಟೀಚರ್‌ಗಳೂ ಮಾಡಬೇಕು ಅಂತ ನನಗೆ ತುಂಬಾ ಆಸೆ. ಅದಕ್ಕೇ ಮೊದಲಿನಿಂದ ಕೊನೆಯವರೆಗೆ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮಕ್ಕಳನ್ನು ಆಟದ ಮುಂದೆ ಕೂರಿಸಿದ ಮಾತ್ರಕ್ಕೆ ಪಾಠ ಆಗುವುದಿಲ್ಲ. ಆಟದ ಊರು ನಮ್ಮೂರಿನ ಹಾಗೆ ಯಾಕಿಲ್ಲ ಅಂತ ಮಕ್ಕಳು ಕೇಳಲು ಶುರು ಮಾಡಿದಾಗ ಪಾಠ ಶುರುವಾಗುತ್ತದೆ. ಆ ಪ್ರಶ್ನೆ ಬರುವ ಹಾಗೆ ಮಾಡುವುದು ನಮ್ಮ ಕೆಲಸ.

ಯಾವ ಆಟ

ನಾನು ಬಳಸುವುದು ಲುವಾಂಟಿ. 2024ರ ಅಕ್ಟೋಬರ್‌ವರೆಗೆ ಇದರ ಹೆಸರು ಮೈನ್‌ಟೆಸ್ಟ್ ಅಂತಿತ್ತು. ನೋಡೋಕೆ ಮೈನ್‌ಕ್ರಾಫ್ಟ್ ತರಾನೇ, ಎಲ್ಲ ಚೌಕಾಕಾರದ ಇಟ್ಟಿಗೆ. ಆದರೆ ಪೂರ್ತಿ ಉಚಿತ, ಲೈಸೆನ್ಸ್ ಬೇಡ, ಮಕ್ಕಳಿಗೆ ಇಮೇಲ್ ಅಕೌಂಟ್ ಬೇಡ, ಒಮ್ಮೆ ಇಳಿಸಿಕೊಂಡ ಮೇಲೆ ಇಂಟರ್‌ನೆಟ್ಟೂ ಬೇಡ. ಹಳೇ ಕಂಪ್ಯೂಟರ್‌ನಲ್ಲೂ ಓಡುತ್ತದೆ. ಹಳ್ಳಿ ಶಾಲೆಗೆ ಇದಕ್ಕಿಂತ ಹೊಂದುವ ಆಟ ನನಗೆ ಸಿಕ್ಕಿಲ್ಲ.

ಲುವಾಂಟಿ ಅನ್ನುವುದು ಬರೀ ಚೌಕಟ್ಟು. ಅದರೊಳಗೆ ಒಂದು ಆಟ ಹಾಕಿಕೊಳ್ಳಬೇಕು. 'ಮೈನ್‌ಟೆಸ್ಟ್ ಗೇಮ್' ಅನ್ನುವುದನ್ನೇ ಹಾಕಿಕೊಳ್ಳಿ. ಅದರಲ್ಲಿ ದೆವ್ವ, ರಾಕ್ಷಸ, ಹೊಡೆದಾಟ ಇಲ್ಲ. ಬೆಳೆಯಲು ಎರಡೇ ಬೆಳೆ, ಗೋಧಿ ಮತ್ತು ಹತ್ತಿ. ಎರಡೂ ನಮ್ಮ ಎರೆ (ಕಪ್ಪು ಮಣ್ಣಿನ) ಹೊಲದ ಬೆಳೆ, ಮಕ್ಕಳು ಮನೆಯಲ್ಲಿ ನೋಡಿರುವ ಬೆಳೆ. ಇದು ನನಗೆ ಸಿಕ್ಕ ದೊಡ್ಡ ಅನುಕೂಲ.

ಮನೆಯಲ್ಲಿ ಮಾಡಿಕೊಳ್ಳಬೇಕಾದ ತಯಾರಿ

ವಿಂಡೋಸ್ ಇದ್ದರೆ ಲುವಾಂಟಿಯ ಜಿಪ್ ಫೈಲ್ ಇಳಿಸಿ, ಬಿಚ್ಚಿ, ತೆರೆಯಿರಿ. ಕಂಟೆಂಟ್ ಅನ್ನುವ ಜಾಗಕ್ಕೆ ಹೋಗಿ ಮೈನ್‌ಟೆಸ್ಟ್ ಗೇಮ್ ಇಳಿಸಿಕೊಳ್ಳಿ. ಆಮೇಲೆ ಇಡೀ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗಿ ಲ್ಯಾಬಿನ ಎಲ್ಲ ಕಂಪ್ಯೂಟರ್‌ಗೂ ಕಾಪಿ ಮಾಡಿ. ಇನ್‌ಸ್ಟಾಲ್ ಮಾಡುವ ತಾಪತ್ರಯವೇ ಇಲ್ಲ.

ಇಂಟರ್‌ನೆಟ್ ಬೇಡ ನಿಜ, ಆದರೆ ಕಂಪ್ಯೂಟರ್‌ಗಳು ಒಂದಕ್ಕೊಂದು ಸೇರಿರಬೇಕು. ಹಳೇ ರೂಟರ್ ಒಂದಿದ್ದರೆ ಸಾಕು. ಟೀಚರ್ ಕಂಪ್ಯೂಟರ್‌ನಲ್ಲಿ ಹೊಸ ವರ್ಲ್ಡ್ ಮಾಡುವಾಗ ಮ್ಯಾಪ್‌ಜೆನ್ ಅಂತ ಒಂದು ಪಟ್ಟಿ ಬರುತ್ತದೆ. ಅದರಲ್ಲಿ 'ವ್ಯಾಲೀಸ್' ಆರಿಸಿ. ಗುಡ್ಡ, ಕಣಿವೆ, ಕಣಿವೆಯಲ್ಲಿ ಹರಿಯುವ ನದಿ ಇರುವ ನೆಲ ಸಿಗುತ್ತದೆ. ಕ್ರಿಯೇಟಿವ್ ಮೋಡ್ ಬಂದ್ ಇರಲಿ, ಡ್ಯಾಮೇಜ್ (ಆಟದಲ್ಲಿ ಪೆಟ್ಟು ಬೀಳುವುದು) ಕೂಡ ಬಂದ್ ಇರಲಿ. ಹೋಸ್ಟ್ ಸರ್ವರ್‌ಗೆ ಟಿಕ್ ಹಾಕಿ, ಪೋರ್ಟ್ 30000 ಅಂತ ಇರುವುದನ್ನು ಹಾಗೇ ಬಿಟ್ಟು ಶುರು ಮಾಡಿ. ಫೈರ್‌ವಾಲ್ ಅನುಮತಿ ಕೇಳುತ್ತದೆ, ಕೊಡಿ. ಮಕ್ಕಳ ಕಂಪ್ಯೂಟರ್‌ನಲ್ಲಿ ಜಾಯಿನ್ ಗೇಮ್ ಒತ್ತಿ ನಿಮ್ಮ ಕಂಪ್ಯೂಟರ್‌ನ ಐಪಿ ವಿಳಾಸ, ಪೋರ್ಟ್ ಮತ್ತು ಗುಂಪಿನ ಹೆಸರು ಕೊಟ್ಟರೆ ಎಲ್ಲರೂ ಒಂದೇ ನೆಲದ ಮೇಲೆ ನಿಂತಿರುತ್ತಾರೆ.

ಕ್ರಿಯೇಟಿವ್ ಮೋಡ್ ಬಗ್ಗೆ ನನ್ನ ಅನುಭವ ಕೇಳಿ. ಮೊದಲ ವರ್ಷ ಮಕ್ಕಳಿಗೆ ಸುಲಭ ಆಗಲಿ ಅಂತ ಅದನ್ನು ಆನ್ ಇಟ್ಟಿದ್ದೆ. ಎಲ್ಲ ಸಾಮಾನು ಬೇಕಾದಷ್ಟು ಸಿಗುತ್ತದೆ, ಕಷ್ಟಪಡಬೇಕಿಲ್ಲ. ಇಪ್ಪತ್ತು ನಿಮಿಷದಲ್ಲಿ ಐದು ಗುಂಪುಗಳೂ ಬಂಗಾರದ ಅರಮನೆ ಕಟ್ಟಿ ಕೂತಿದ್ದವು. ಹೊಲ ಇಲ್ಲ, ಬಾವಿ ಇಲ್ಲ. ಯಾರಿಗೂ ಏನೂ ಬೇಕಾಗಿರಲಿಲ್ಲ, ಹಾಗಾಗಿ ಮಾತಾಡಲು ಏನೂ ಉಳಿದಿರಲಿಲ್ಲ. ಅವತ್ತೇ ಅದನ್ನು ಬಂದ್ ಮಾಡಿದೆ. ಸಾಮಾನಿಗೆ ಕೊರತೆ ಇದ್ದರೇನೇ ಮಕ್ಕಳು ಯೋಚನೆ ಮಾಡುತ್ತಾರೆ.

ಇನ್ನು ನಾಲ್ಕು ಸಣ್ಣ ವಿಷಯ. ಗುಂಪಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ಕೊಡಬೇಕು, ಆಟ ಕನ್ನಡ ಹೆಸರು ತೆಗೆದುಕೊಳ್ಳುವುದಿಲ್ಲ. ಆಟದೊಳಗೆ ಬೋರ್ಡ್ ನೆಟ್ಟು ಕನ್ನಡ ಬರೆದರೂ ಒತ್ತಕ್ಷರ ಸರಿಯಾಗಿ ಕೂಡುವುದಿಲ್ಲ. ಅದಕ್ಕೆ ನಾವು ಬೋರ್ಡ್ ಮೇಲೆ ಬರೀ ನಂಬರ್ ಹಾಕಿ, ಯಾವ ನಂಬರ್ ಏನು ಅನ್ನುವುದನ್ನು ಚಂದ ಕನ್ನಡದಲ್ಲಿ ನೋಟ್‌ಬುಕ್‌ನಲ್ಲಿ ಬರೆಯುತ್ತೇವೆ. ಕಂಪ್ಯೂಟರ್ ನಿಧಾನ ಆದರೆ ಸೆಟ್ಟಿಂಗ್ಸ್‌ನಲ್ಲಿ ಎಷ್ಟು ದೂರ ಕಾಣಬೇಕು ಅನ್ನುವುದನ್ನು 60ಕ್ಕೆ ಇಳಿಸಿ. ಟೈಮ್ ಸ್ಪೀಡ್ 72 ಅಂತಿರುತ್ತದೆ, ಅಂದರೆ ನಮ್ಮ 20 ನಿಮಿಷಕ್ಕೆ ಆಟದ ಒಂದು ದಿನ ಮುಗಿಯುತ್ತದೆ. ಟಾರ್ಚ್ ಬೆಳಕಿಗೆ ಬೆಳೆ ಬೆಳೆಯುವುದಿಲ್ಲ, ಬಿಸಿಲು ಬೇಕು. ಅದಕ್ಕೆ ನಾನು ಬೆಳಗ್ಗೆ ಹೊತ್ತಿಗೆ ಇಟ್ಟು ಟೈಮ್ ಸ್ಪೀಡನ್ನು ಸೊನ್ನೆ ಮಾಡಿಬಿಡುತ್ತೇನೆ. ಸೂರ್ಯ ನಿಂತಲ್ಲೇ ನಿಲ್ಲುತ್ತಾನೆ.

ಮೊದಲ ವಾರ ಕಂಪ್ಯೂಟರ್ ಮುಟ್ಟುವುದಿಲ್ಲ

ಇದನ್ನು ಬಿಟ್ಟುಬಿಡಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಮೊದಲ ಶನಿವಾರ ಮಕ್ಕಳನ್ನು ಕರೆದುಕೊಂಡು ನಿಮ್ಮೂರು ಸುತ್ತಿ. ಅಗಸಿ (ಊರ ಬಾಗಿಲು) ಎಲ್ಲಿದೆ, ಚಾವಡಿ ಎಲ್ಲಿದೆ, ಕೆರೆ ಎಲ್ಲಿದೆ, ಏರಿ (ಕೆರೆಯ ಒಡ್ಡು) ಯಾವ ಕಡೆ, ಕೋಡಿ (ಹೆಚ್ಚಾದ ನೀರು ಹೊರಗೆ ಹೋಗುವ ಜಾಗ) ಯಾವ ಕಡೆ, ತೂಬು (ಹೊಲಕ್ಕೆ ನೀರು ಬಿಡುವ ಕಂಡಿ) ಎಲ್ಲಿ ಅಂತ ಗುರುತು ಹಾಕಿಸಿ. ಹಗೇವು (ಕಾಳು ಕೂಡಿಡುವ ನೆಲದೊಳಗಿನ ಕಣಜ) ಇದ್ದ ಜಾಗ ಹಿರಿಯರನ್ನು ಕೇಳಿದರೆ ತೋರಿಸುತ್ತಾರೆ. ಹೆಜ್ಜೆ ಎಣಿಸಿ ದೂರ ಅಳೆಯಲಿ. ಶಾಲೆಗೆ ಬಂದು ಚೌಕುಳಿ ಹಾಳೆಯ ಮೇಲೆ ನಕ್ಷೆ ಬರೆಯಲಿ. ಆಟದ ಒಂದು ಇಟ್ಟಿಗೆಯನ್ನು ಒಂದು ಮೀಟರ್ ಅಂತ ಲೆಕ್ಕ ಹಿಡಿಯಬಹುದು, ಹಾಳೆಯ ಒಂದು ಚೌಕಕ್ಕೆ ಒಂದು ಇಟ್ಟಿಗೆ.

ಈ ಸುತ್ತಾಟದಲ್ಲಿ ಒಬ್ಬ ಹುಡುಗನ ಅಜ್ಜ ಕಟ್ಟೆಯ ಮೇಲೆ ಕೂತಿದ್ದರು. ಊರು ಈ ದಿನ್ನೆ ಮೇಲೇ ಯಾಕೆ ಇದೆ ಅಂತ ಮಕ್ಕಳು ಕೇಳಿದರು. "ಎರಿ ಮ್ಯಾಲ ಗ್ವಾಡಿ ನಿಲ್ಲಂಗಿಲ್ಲ ತಮ್ಮಾ. ಮಳಿಗಾಲದಾಗ ಉಬ್ಬತೈತಿ, ಬ್ಯಾಸಗಿ ಬಂತಂದ್ರ ಸೀಳತೈತಿ. ಮಸಾರಿ ಮ್ಯಾಲ ಮನಿ, ಎರಿ ಒಳಗ ಬೆಳಿ," ಅಂದರು. ಎರಿ ಅಂದರೆ ಕಪ್ಪು ಮಣ್ಣು, ಮಸಾರಿ ಅಂದರೆ ಕೆಂಪು ಮಣ್ಣು. ಪುಸ್ತಕದಲ್ಲಿ ಕಪ್ಪು ಮಣ್ಣಿನ ಗುಣ ಅಂತ ಬರುವ ಅರ್ಧ ಪುಟ ಆ ಎರಡು ಮಾತಿನಲ್ಲಿತ್ತು. ಆಟದಲ್ಲಿ ಯಾವ ಮಣ್ಣಿನ ಮೇಲೆ ಕಟ್ಟಿದರೂ ಗೋಡೆ ಬಿರುಕು ಬಿಡುವುದಿಲ್ಲ. ಹೀಗೆ ಆಟಕ್ಕೆ ಗೊತ್ತಿಲ್ಲದ ಸಂಗತಿಗಳನ್ನು ಬರೆದಿಡಲು ನೋಟ್‌ಬುಕ್ಕಿನ ಕೊನೆಯ ಪುಟಗಳನ್ನು ಬಿಡಿಸಿದ್ದೇನೆ. "ಆಟಕ್ಕೆ ಗೊತ್ತಿಲ್ಲ" ಅಂತಲೇ ಆ ಪುಟದ ಹೆಸರು. ಮೊದಲು ಬರೆದಿದ್ದು ಅಜ್ಜನ ಮಾತು.

ಗುಂಪು ಮತ್ತು ಮೌಸ್

ಒಂದು ಕಂಪ್ಯೂಟರ್ ನನಗೆ, ಐದು ಮಕ್ಕಳಿಗೆ. ಗುಂಪಿಗೆ ಐದಾರು ಜನ. ಒಬ್ಬರ ಕೈಲಿ ಮೌಸ್, ಒಬ್ಬರ ಕೈಲಿ ನಕ್ಷೆ, ಒಬ್ಬರು ಲೆಕ್ಕ ಬರೆಯುವವರು, ಒಬ್ಬರು ಬೇರೆ ಗುಂಪಿಗೆ ಹೋಗಿ ಮಾತಾಡಿ ಬರುವವರು, ಉಳಿದವರು ಕೊನೆಗೆ ಎಲ್ಲರ ಮುಂದೆ ಹೇಳುವವರು. ಎಂಟು ನಿಮಿಷಕ್ಕೊಮ್ಮೆ ಗಂಟೆ ಬಾರಿಸಿ ಕೆಲಸ ಬದಲಿಸಿ.

ಗಂಟೆ ಇಲ್ಲದಿದ್ದರೆ ಏನಾಗುತ್ತದೆ ಅಂತ ನಾನು ನೋಡಿದ್ದೇನೆ. ಮನೆಯಲ್ಲಿ ಮೊಬೈಲ್ ಆಡಿ ರೂಢಿ ಇರುವ ಒಬ್ಬಿಬ್ಬರು ಹುಡುಗರು ಮೌಸ್ ಹಿಡಿದರೆ ಬಿಡುವುದಿಲ್ಲ. ಹುಡುಗಿಯರು ಹಿಂದೆ ನಿಂತು ನೋಡುತ್ತಾ ಇರುತ್ತಾರೆ, ಕೇಳುವುದೂ ಇಲ್ಲ. ಅದಕ್ಕೆ ಯಾವತ್ತೂ ಗೇಮ್ ಆಡದವರ ಕೈಯಿಂದಲೇ ಶುರು ಮಾಡಿಸಿ. ಮೊದಲ ದಿನ ಅವರು ತಡವರಿಸಿದರೆ ತಡವರಿಸಲಿ. ಎರಡನೇ ವಾರಕ್ಕೆ ಎಲ್ಲರೂ ಒಂದೇ.

ಕೀಲಿಗಳು ಬಹಳ ಇಲ್ಲ. ನಡೆಯಲು ನಾಲ್ಕು, ಜಿಗಿಯಲು ಸ್ಪೇಸ್, ಚೀಲ ತೆರೆಯಲು ಒಂದು. ಎಫ್5 ಒತ್ತುವುದನ್ನು ಮಾತ್ರ ಮರೆಯದೆ ಕಲಿಸಿ. ನಿಂತ ಜಾಗದ ಮೂರು ಸಂಖ್ಯೆ ಪರದೆ ಮೇಲೆ ಬರುತ್ತದೆ, ನಡುವಿನದು ಎತ್ತರ. ನಕ್ಷೆಯ ಮೇಲೆ ಬಿಂದು ಗುರುತಿಸುವ ಗಣಿತ ಪಾಠ ಅಲ್ಲೇ ಆಗಿಹೋಗುತ್ತದೆ.

ಜಾಗ ಹುಡುಕುವುದು, ಹೊಲ ಮಾಡುವುದು

ಮೊದಲ ಕೆಲಸ ಜಾಗ ಆರಿಸುವುದು. ಒಂದು ಪಿರಿಯಡ್ ಪೂರ್ತಿ ಬರೀ ಓಡಾಡಲಿ, ಒಂದೂ ಇಟ್ಟಿಗೆ ಇಡಬಾರದು. ಪ್ರತಿ ಗುಂಪೂ ಒಂದು ಜಾಗ ಹೇಳಿ ಕಾರಣ ಕೊಡಬೇಕು. ಎಲ್ಲರೂ ನದಿ ದಂಡೆಗೇ ಓಡುತ್ತಾರೆ. ಆಗ 2019ರ ಆಗಸ್ಟ್‌ನಲ್ಲಿ ನರಗುಂದ ತಾಲ್ಲೂಕಿನ ಕೊಣ್ಣೂರಿಗೆ ಮಲಪ್ರಭೆ ನುಗ್ಗಿದ್ದನ್ನು ನೆನಪಿಸಿ. ನಮ್ಮ ತರಗತಿಯಲ್ಲಿ ಒಬ್ಬ ಹುಡುಗಿಯ ಅತ್ತೆ ಮನೆ ಆ ಕಡೆಗೇ ಇತ್ತು. ಅವಳು ಹೇಳಿದ ಮೇಲೆ ಮೂರು ಗುಂಪು ದಿನ್ನೆ ಹತ್ತಿದವು.

ಆಮೇಲೆ ಹೊಲ. ಹುಲ್ಲು ಕಿತ್ತರೆ ನಡುನಡುವೆ ಗೋಧಿ ಬೀಜ ಸಿಗುತ್ತದೆ. ಗುದ್ದಲಿಯಿಂದ ನೆಲ ಹದ ಮಾಡಬೇಕು. ನೀರಿನಿಂದ ಮೂರು ಇಟ್ಟಿಗೆ ದೂರದೊಳಗಿನ ನೆಲ ಮಾತ್ರ ತೇವ ಆಗುತ್ತದೆ, ತೇವ ಇದ್ದರೆ ಮಾತ್ರ ಬೆಳೆ. ಇದನ್ನು ಮಕ್ಕಳಿಗೆ ಹೇಳಬೇಡಿ, ಅವರೇ ಕಂಡುಕೊಳ್ಳಲಿ. ಒಂದು ಗುಂಪು ಕಾಲುವೆ ಉದ್ದಕ್ಕೆ ಬಿತ್ತಿ, ನಾಲ್ಕನೇ ಸಾಲು ಯಾಕೆ ಒಣಗಿದೆ ಅಂತ ತಲೆ ಕೆಡಿಸಿಕೊಂಡು ಕೊನೆಗೆ ಎಣಿಸಿತು. ನಡುವೆ ಒಂದು ನೀರು ಇದ್ದರೆ ಸುತ್ತ ಏಳಕ್ಕೆ ಏಳು, ಅಂದರೆ 49 ಚೌಕ, ನೀರಿನ ಚೌಕ ಬಿಟ್ಟು 48 ಗಿಡ. ವಿಸ್ತೀರ್ಣದ ಪಾಠ ಹೀಗೆ ಬಂದರೆ ಯಾರಿಗೆ ಬೇಜಾರು ಬರುತ್ತೆ ಹೇಳಿ.

ಬಿತ್ತಿದ ಬೆಳೆ ಕೈಗೆ ಬರಲು ಹತ್ತಿರ ಹತ್ತಿರ ಅರ್ಧ ಗಂಟೆ ಬೇಕು. ಹಾಗಾಗಿ ಒಳಗೆ ಬಂದ ಕೂಡಲೇ ಬಿತ್ತನೆ, ಆಮೇಲೆ ಕಟ್ಟುವ ಕೆಲಸ. ಒಂದು ಗಿಡಕ್ಕೆ ಒಂದು ಗೋಧಿ ಖಾತ್ರಿ, ಒಮ್ಮೊಮ್ಮೆ ಎರಡು. ನಾಲ್ಕು ಗೋಧಿಗೆ ಒಂದು ಹಿಟ್ಟು, ಹಿಟ್ಟು ಒಲೆಗೆ ಹಾಕಿದರೆ ಒಂದು ಬ್ರೆಡ್. ನಮ್ಮ ಮಕ್ಕಳು ಅದಕ್ಕೆ ರೊಟ್ಟಿ ಅಂತಾರೆ. ವಾರಕ್ಕೆ ತಲೆಗೆ ಎರಡು ರೊಟ್ಟಿ ಬೇಕೇ ಬೇಕು ಅನ್ನುವುದು ನಾನು ಹಾಕಿದ ನಿಯಮ, ಆಟದ್ದಲ್ಲ. 28 ಜನರಿಗೆ 56 ರೊಟ್ಟಿ, 224 ಗೋಧಿ. ಎಷ್ಟು ಹೊಲ ಬೇಕು? ಮುಂದಿನ ವಾರಕ್ಕೆ ಬೀಜ ಎಷ್ಟು ಎತ್ತಿಡಬೇಕು? ಲೆಕ್ಕ ಬರೆಯುವವರ ಪುಟ ತುಂಬಿಹೋಗುತ್ತದೆ.

ಏರಿ ಒಡೆದ ದಿನ

ಕೆರೆಗೆ ಬರೋಣ. ಇಡೀ ಯೋಜನೆಯಲ್ಲಿ ನಾನು ಹೆಚ್ಚು ಹೊತ್ತು ಕಳೆಯುವುದು ಇಲ್ಲೇ.

ಮೊದಲ ಸಲ ಸಮುದ್ರದ ಕಡೆಯ ಮಾಮೂಲಿ ನೀರು ತರಿಸಿ ಕೆರೆ ತುಂಬಿಸಿ. ಆಟದಲ್ಲಿ ಎರಡು ತರದ ನೀರಿದೆ, ಇದು ಒಂದು. ಒಂದು ಗುಂಪಿನವರು ದಿನ್ನೆ ಮೇಲೆ ಕೆರೆ ಕಟ್ಟಿ, ಏರಿಯ ಕೆಳಗೇ ಮನೆಗಳ ಸಾಲು ಎಬ್ಬಿಸಿದ್ದರು. ಒಂದು ಹುಡುಗಿ ಏರಿ ಮೇಲೆ ಹಾದು ಹೋಗಲು ದಾರಿ ಮಾಡುತ್ತಾ ಒಂದೇ ಒಂದು ಇಟ್ಟಿಗೆ ಕಿತ್ತಳು. ನೀರು ಸೀದಾ ಇಳಿದು ಓಣಿಗೆ ಬಂತು. ಗೋಡೆಗೆ ಹಚ್ಚಿದ್ದ ಟಾರ್ಚ್‌ಗಳೆಲ್ಲ ಕಿತ್ತುಹೋದವು, ಮನೆಯೊಳಗೆ ಕತ್ತಲು. ಅವಳು ಮೌಸ್ ಬಿಟ್ಟು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಉಳಿದ ಗುಂಪಿನವರು ಎದ್ದು ಬಂದು ಅವಳ ಹಿಂದೆ ನಿಂತರು.

ನಾನು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಎಲ್ಲರೂ ಸುಮ್ನೆ ನೋಡುತ್ತಾ ನಿಂತಿದ್ದರು. ಆಗ ಹಿಂದಿನಿಂದ ಒಬ್ಬ ಹುಡುಗ, ತರಗತಿಯಲ್ಲಿ ಬಾಯಿ ಬಿಡುವುದೇ ಅಪರೂಪ, ಮೆಲ್ಲಗೆ ಕೇಳಿದ: "ಟೀಚರ್, ನೀರು ಹರ್ಯಾಕತ್ತೈತಿ, ಆದ್ರ ಕೆರಿ ಕಡಿಮಿ ಆಗವಲ್ದು."

ಹೌದು. ಈ ಆಟದ ಮಾಮೂಲಿ ನೀರು ಬತ್ತುವುದೇ ಇಲ್ಲ. ಎರಡಕ್ಕೆ ಎರಡು ಗುಂಡಿ ತೋಡಿ ಎದುರುಬದುರು ಮೂಲೆಗೆ ಎರಡು ಬಕೆಟ್ ಸುರಿದರೆ ಸಾಕು, ಆಮೇಲೆ ಎಷ್ಟು ಮೊಗೆದರೂ ಮತ್ತೆ ತುಂಬಿಕೊಳ್ಳುತ್ತದೆ. ಅದನ್ನು ಅಲ್ಲೇ ಮಾಡಿ ತೋರಿಸಿದೆ. ಆಮೇಲೆ ಮೌಸ್ ಬಿಡಿಸಿ, ಕಂಪ್ಯೂಟರ್‌ಗೆ ಬೆನ್ನು ಮಾಡಿ ಕೂರಿಸಿ ಕೇಳಿದೆ, ಏಪ್ರಿಲ್‌ನಲ್ಲಿ ನಮ್ಮ ಕೆರೆ ಹೇಗಿರುತ್ತದೆ? ಆವತ್ತಿನ ಮಾತು ಮುಗಿಯಲೇ ಇಲ್ಲ. ಬತ್ತಿದ ಕೆರೆಯಲ್ಲಿ ಕ್ರಿಕೆಟ್ ಆಡಿದ್ದು, ಎಷ್ಟು ಅಡಿ ಕೊರೆಸಿದರೂ ನೀರು ಬೀಳದ ಬೋರ್‌ವೆಲ್, ಟ್ಯಾಂಕರ್ ಮುಂದೆ ಕೊಡಗಳ ಸಾಲು, ಹೊಲದಲ್ಲಿ ಅಪ್ಪ ತೋಡಿಸಿದ ಕೃಷಿಹೊಂಡ. "ಆಟಕ್ಕೆ ಗೊತ್ತಿಲ್ಲ" ಪುಟದಲ್ಲಿ ಅವತ್ತು ಹನ್ನೊಂದು ಸಾಲು.

ಕೋಡಿ ಯಾಕೆ ಬೇಕು ಅನ್ನುವ ಪ್ರಶ್ನೆಯೂ ಆಗಲೇ ಬಂತು. ಆಟದಲ್ಲಿ ಮಳೆಯೇ ಇಲ್ಲ, ಕೆರೆ ಉಕ್ಕುವುದೇ ಇಲ್ಲ. ಹಾಗಾದರೆ ನಮ್ಮೂರ ಹಿರಿಯರು ಅಷ್ಟು ಕಲ್ಲು ಹೊತ್ತು ಕೋಡಿ ಕಟ್ಟಿದ್ದು ಯಾಕೆ? ಮುಂದಿನ ವಾರದ ಆಟ ಇದರಿಂದಲೇ ಹುಟ್ಟಿತು.

ಮಳೆ ಚೀಟಿ

ಈಗ ಎರಡನೇ ತರದ ನೀರು, ನದಿ ನೀರು. ಅದನ್ನು ಬಕೆಟ್‌ನಲ್ಲಿ ತುಂಬಿಕೊಳ್ಳಬಹುದು, ಆದರೆ ಅದು ತಾನಾಗಿ ಹುಟ್ಟುವುದಿಲ್ಲ. ಮೊಗೆದರೆ ಖಾಲಿ. ಹೊಲಕ್ಕೆ ಮಾತ್ರ ಇದೂ ಆಗುತ್ತದೆ. ಹಳೇ ಕೆರೆಗಳನ್ನು ಮುಚ್ಚಿಸಿ, ನೀವೇ ಕ್ರಿಯೇಟಿವ್ ಅನುಮತಿ ಕೊಟ್ಟುಕೊಂಡು ಶುಕ್ರವಾರ ಸಂಜೆ ಪ್ರತಿ ಊರಿಗೂ ನದಿ ನೀರಿನ ಕೆರೆ ತುಂಬಿಡಿ. ಅರ್ಧ ಗಂಟೆ ಕೂತರೆ ಆಗುವ ಕೆಲಸ.

ಒಂದು ಡಬ್ಬಿಯಲ್ಲಿ ಚೀಟಿ ಹಾಕಿಡಿ. ಮಿರಗ, ಆರಿದ್ರಿ, ಪುಷ್ಯ, ಹುಬ್ಬಿ, ಸ್ವಾತಿ, ಹೀಗೆ ಮಳೆಗಳ ಹೆಸರು. ಒಂದೊಂದರ ಕೆಳಗೆ ಆಯಿತು, ಹೋಯಿತು, ಅತಿಯಾಯಿತು ಅಂತ ಬರೆದಿರಲಿ. ಹೆಸರುಗಳನ್ನು ಮಕ್ಕಳು ಮನೆಯಿಂದ ಕೇಳಿಕೊಂಡು ಬರಲಿ, ಜೊತೆಗೆ ಗಾದೆಯೂ ಬರುತ್ತದೆ. ತರಗತಿ ಶುರುವಾದಾಗ ಒಬ್ಬರು ಚೀಟಿ ಎತ್ತುತ್ತಾರೆ. ಮಳೆ ಹೋಯಿತು ಅಂದರೆ ಪ್ರತಿ ಕೆರೆಯಿಂದ ಹತ್ತು ಬಕೆಟ್ ನೀರು ಹೊರಗೆ. ಆಯಿತು ಅಂದರೆ ಹತ್ತು ಒಳಗೆ. ಅತಿಯಾಯಿತು ಅಂದರೆ ಇಪ್ಪತ್ತು ಒಳಗೆ, ಕೋಡಿ ಇಲ್ಲದ ಕೆರೆಯ ಏರಿಯಲ್ಲಿ ನಾನು ಒಂದು ಇಟ್ಟಿಗೆ ಕೀಳುತ್ತೇನೆ.

ಸತತ ಎರಡು ವಾರ ಮಳೆ ಹೋದಾಗ ಮಕ್ಕಳು ತಾವಾಗಿಯೇ ಹೊಲ ಚಿಕ್ಕದು ಮಾಡಿ, ಉಳಿದ ನೀರಿನ ಸುತ್ತ ಮಾತ್ರ ಬಿತ್ತಿದರು. ಒಂದು ಗುಂಪು ಪಕ್ಕದೂರಿಗೆ ನೀರು ಕೇಳಲು ಜನ ಕಳಿಸಿತು. ಇನ್ನೊಂದು ಗುಂಪು ಬಾವಿ ತೋಡುತ್ತೇವೆ ಅಂತ ನೇರ ಕೆಳಗೆ ಅಗೆದು, ಮೇಲೆ ಬರಲು ದಾರಿ ಇಲ್ಲದೆ ಸಿಕ್ಕಿಹಾಕಿಕೊಂಡಿತು. ಅದೇ ತಿಂಗಳು ಲಕ್ಕುಂಡಿಗೆ ಹೋಗುವುದಿತ್ತು, ನಮಗೆ ಹತ್ತಿರವೇ. ಮಾಣಿಕೇಶ್ವರ ಗುಡಿ ಪಕ್ಕದ ಮುಸುಕಿನ ಬಾವಿ ಅನ್ನುವ ಹಳೇ ಮೆಟ್ಟಿಲು ಬಾವಿಯ ಮುಂದೆ ನಿಂತಾಗ ಆ ಗುಂಪಿನವರು ಮೆಟ್ಟಿಲು ಎಣಿಸಲು ಶುರು ಮಾಡಿದರು. ನಾನು ಎಣಿಸಿ ಅಂತ ಹೇಳಿರಲಿಲ್ಲ.

ಬೀಗದ ಪೆಟ್ಟಿಗೆ

ಆಟದಲ್ಲಿ ಎರಡು ಪೆಟ್ಟಿಗೆ ಇವೆ. ಒಂದನ್ನು ಯಾರು ಬೇಕಾದರೂ ತೆಗೆಯಬಹುದು. ಇನ್ನೊಂದಕ್ಕೆ ಬೀಗ, ಇಟ್ಟವರಿಗೆ ಮಾತ್ರ ತೆಗೆಯಲು ಬರುತ್ತದೆ. ಎಲ್ಲ ಗುಂಪಿಗೂ ಸೇರಿ ನಡುವೆ ಒಂದು ಹಗೇವು ಮಾಡಿಸಿ, ಅದರಲ್ಲಿ ಬೀಗ ಇಲ್ಲದ ಪೆಟ್ಟಿಗೆ ಇಡಿ. ಒಂದೆರಡು ವಾರದಲ್ಲಿ ಖಾಲಿ ಆಗುತ್ತದೆ, ಬರೆದಿಟ್ಟುಕೊಳ್ಳಿ. ಯಾರು ತೆಗೆದರು ಅಂತ ನೀವು ಪತ್ತೆ ಮಾಡಲು ಹೋಗಬೇಡಿ. ಬೀಗ ಹಾಕೋಣವೇ, ಹಾಕಿದರೆ ಬೀಗ ಯಾರ ಹತ್ತಿರ, ಕೊಟ್ಟವರಿಗಷ್ಟೇ ಪಾಲೋ ಹಸಿದವರಿಗೂ ಪಾಲೋ ಅಂತ ಸಭೆ ಕರೆಯಿರಿ. ನಮ್ಮ ಮಕ್ಕಳು ಬೀಗ ಬೇಡ ಅಂದರು, ಬದಲಿಗೆ ತೆಗೆದಾಗ ಇಟ್ಟಾಗ ಇಬ್ಬರು ಸಹಿ ಮಾಡುವ ಒಂದು ಲೆಕ್ಕದ ಪುಸ್ತಕ ಮಾಡಿದರು. ಆ ಪುಸ್ತಕ ಒಂದು ವಾರ ಓಡಿದ ಮೇಲೆ ಕಣಗಿನಹಾಳದ ಕಥೆ ಹೇಳಿದೆ. ನಮ್ಮದೇ ಗದಗ ತಾಲ್ಲೂಕಿನ ಆ ಹಳ್ಳಿಯಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರ ಸಂಘ ಕಟ್ಟಿದರು. ಮೊದಲು ಜಗಳ, ಆಮೇಲೆ ಇತಿಹಾಸ. ಈ ಕ್ರಮ ತಿರುಗಿಸಿದರೆ ಮಕ್ಕಳ ಕಿವಿಗೆ ಬೀಳುವುದಿಲ್ಲ.

ಸಮಯ, ಅಂಕ, ಅಪ್ಪ-ಅಮ್ಮ

ಎರಡು ಪಿರಿಯಡ್ ಅಂದರೆ 80 ನಿಮಿಷ. ಹತ್ತು ನಿಮಿಷ ಚೀಟಿ ಮತ್ತು ಯೋಜನೆ, ನಲವತ್ತು ನಿಮಿಷ ಆಟ, ಉಳಿದ ಅರ್ಧ ಗಂಟೆ ಮಾತು ಮತ್ತು ಬರವಣಿಗೆ. ಆಟದ ಹೊತ್ತು ಮುಗಿದರೂ ಯಾರಾದರೂ ಕೈ ಬಿಡದಿದ್ದರೆ ಅವರ 'ಇಂಟರ್‌ಆಕ್ಟ್' ಅನುಮತಿಯನ್ನು ನಿಮ್ಮ ಕಂಪ್ಯೂಟರ್‌ನಿಂದ ತೆಗೆಯಬಹುದು. ಅವರು ನಡೆಯಬಹುದು, ನೋಡಬಹುದು, ಏನನ್ನೂ ಮುಟ್ಟಲು ಬರುವುದಿಲ್ಲ. ಒಂದೆರಡು ಸಲ ಮಾಡಿದರೆ ಸಾಕು.

ಚಂದ ಮನೆಗೆ ನಾನು ಅಂಕ ಕೊಡುವುದಿಲ್ಲ. ಇವತ್ತು ಏನು ನಿರ್ಧಾರ ಮಾಡಿದಿರಿ, ಯಾಕೆ, ನಮ್ಮೂರಲ್ಲಿ ಇದು ಹೇಗೆ ನಡೆಯುತ್ತದೆ ಅಂತ ಮೂರು ಪ್ರಶ್ನೆಗೆ ಬರೆದ ಉತ್ತರ ನೋಡುತ್ತೇನೆ.

"ಶಾಲ್ಯಾಗ ಗೇಮ್ ಆಡಸ್ತೀರಂತಲ್ರೀ ಟೀಚರ್?" ಅಂತ ಪಾಲಕರು ಬಂದೇ ಬರುತ್ತಾರೆ. ಅವರ ಆತಂಕ ನ್ಯಾಯವಾದದ್ದೇ, ಮೊಬೈಲ್ ಕಾಟ ಅವರು ಮನೆಯಲ್ಲಿ ಕಂಡಿದ್ದಾರೆ. ವಾದ ಮಾಡಬೇಡಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯ ದಿನ ಅವರನ್ನೇ ಲ್ಯಾಬಿಗೆ ಕರೆಯಿರಿ. ನಮ್ಮಲ್ಲಿ ಒಬ್ಬರು ರೈತರು ಮಗಳ ಕುರ್ಚಿ ಹಿಂದೆ ನಿಂತು, ತೂಬು ಏರಿಯ ನಡುಮಟ್ಟದಲ್ಲಿ ಇಟ್ಟಿದ್ದು ತಪ್ಪು, ಇನ್ನೂ ಕೆಳಗೆ ಇಡಬೇಕು ಅಂತ ತಿದ್ದಿದರು. ಅಲ್ಲಿಂದ ಮುಂದೆ ಪ್ರತಿ ತಿಂಗಳು ಒಬ್ಬ ಹಿರಿಯರು ಬಂದು ಊರು ನೋಡಿ ತಪ್ಪು ಹೇಳುತ್ತಾರೆ.

ಕೊನೆಗೊಂದು ಕೆಲಸ. ಕರೆಂಟ್ ಹೋದರೆ ಊರು ಹಾಳಾಗುತ್ತೆ ಅಂತ ಹೆದರಬೇಡಿ, ಆಟ ಕೆಲವೇ ಸೆಕೆಂಡಿಗೊಮ್ಮೆ ತಾನೇ ಉಳಿಸಿಕೊಳ್ಳುತ್ತದೆ. ಆದರೂ ಪ್ರತಿ ಶನಿವಾರ 'ವರ್ಲ್ಡ್ಸ್' ಫೋಲ್ಡರಿನಲ್ಲಿರುವ ನಿಮ್ಮ ಊರನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿ, ದಿನಾಂಕ ಹಾಕಿಡಿ. ಮಾರ್ಚ್‌ನಲ್ಲಿ ಮೊದಲ ವಾರದ ಊರು ಮತ್ತು ಕೊನೆಯ ವಾರದ ಊರನ್ನು ಪಕ್ಕಪಕ್ಕ ತೆರೆದು ತೋರಿಸಬಹುದು. ಹೋದ ವರ್ಷದ ಊರನ್ನು ಈ ಜೂನ್‌ನಲ್ಲಿ ಹೊಸ ಏಳನೇ ತರಗತಿಗೆ ಹಾಗೇ ಕೊಟ್ಟೆ, ಜೊತೆಗೆ ಲೆಕ್ಕದ ಪುಸ್ತಕವನ್ನೂ. ಅವರು ಮೊದಲು ಹೋಗಿ ನೋಡಿದ್ದು ಹಗೇವಿನಲ್ಲಿ ಬೀಜ ಎಷ್ಟು ಉಳಿದಿದೆ ಅಂತ.